ಎಡಗೈ ಬಡಗಿಯ ಹಡಗು

ಬಿರುಗಾಳಿ ನಿಂತ ಬೆಳಗ್ಗೆ, ಹಳೇ ಹಡಗಿನ ಪಕ್ಕೆಯೊಂದು ದಡಕ್ಕೆ ಬಂದು ಬಿದ್ದಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಡಗಿಯ ಮಗಳು ಕೈಯಲ್ಲಿದ್ದ ಉಳಿಯನ್ನು ಅಲ್ಲೇ ಬಿಸಾಕಿ ಓಡಿದಳು. ಬಾಗಿಲು, ಮಂಚ ಮಾಡಿ ಬದುಕುವ ತಲೆನರೆತ ಹೆಂಗಸು. ಓಡದೆ ಇನ್ನೇನು ಮಾಡಿಯಾಳು! ಅವಳಪ್ಪ ಕಟ್ಟಿದ ಕೊನೆಯ ಹಡಗು ಮುಳುಗಿದಾಗ, 'ಹಲಗೆಯ ಸಂದು ಬಿಟ್ಟು ನೀರು ನುಗ್ಗಿತು' ಎಂದು ಬಂದರಿನ ಕಟ್ಟೆಯ ಮೇಲೆ ನಿಂತು ಸಾರಿದವನು ಬೇರೆ ಯಾರೂ ಅಲ್ಲ, ಚುಕ್ಕಾಣಿ ಹಿಡಿದಿದ್ದ ಸ್ವಂತ ಚಿಕ್ಕಪ್ಪ. ಅಂದಿನಿಂದ ಅಪ್ಪನ ಬಾಚಿಗೆ ಕೆಲಸವಿಲ್ಲ. ಕೊರಗಿ ಕೊರಗಿಯೇ ಸತ್ತ. ಊರ ಬಾಯಿಗೆ ಬೀಗ ಹಾಕುವವರು ಯಾರು?

ವಸ್ತುಸಂಗ್ರಹಾಲಯದ ಮೇಡಂ ಆಗಲೇ ಬಂದು ಟೇಪು ಹಿಡಿದು ಅಳೆಯುತ್ತಿದ್ದರು. "ಮರ, ಗೂಟ ನೋಡಿದ್ರೆ ನಿಮ್ಮಪ್ಪನ ಕಾಲದ್ದೇ. ಆದ್ರೆ ಯಾರು ಕಟ್ಟಿದ್ದು ಅಂತ ಹೇಗೆ ಹೇಳೋದಮ್ಮಾ?"

"ಬಂದರಿಗೆಲ್ಲ ಎಡಚ ಅಂದ್ರೆ ನಮ್ಮಪ್ಪ ಒಬ್ನೇ. ಬಾಚಿ ಏಟು ಎಡಕ್ಕೆ ಆಳ ಬೀಳ್ತಿತ್ತು. ಅಪ್ಪ ಕಟ್ಟಿದ್ರಲ್ಲಿ ಮುಳುಗಿದ್ದೂ ಅದೊಂದೇ."

ಇಬ್ಬರೂ ಕೂತು ಬಾಗಿದ ದಿಮ್ಮಿಗೆ ಅಂಟಿದ್ದ ಚಿಪ್ಪು ಕೆರೆದರು. ಏಟುಗಳೆಲ್ಲ ಬಲಕ್ಕೇ ಆಳವಾಗಿದ್ದವು.

"ಬಿಡಮ್ಮ, ನೀರು ಏರ್ತಿದೆ" ಎಂದರು ಮೇಡಂ.

ಬಿಡುವವಳೇ ಅವಳು? ಹಿಡಿದರೆ ಉಡದ ಪಟ್ಟು. ಮೊಣಕಾಲುದ್ದ ನೀರಿನಲ್ಲಿ ದಿಮ್ಮಿಯನ್ನು ಒಂದು ಸುತ್ತು ಬಂದು, ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಹಡಗು ಕಟ್ಟೋರು ದಪ್ಪ ತುದಿ ಕಡೆ ನಿಂತೇ ಕೆತ್ತೋದು. ನಾವು ಸಣ್ಣ ತುದೀಲಿ ಕೂತು ನೋಡ್ತಿದೀವಿ. ಈ ಕಡೆ ಬನ್ನಿ ಮೇಡಂ!"

ಆ ಕಡೆಯಿಂದ ನೋಡಿದರೆ ಒಂದೊಂದು ಏಟೂ ಎಡಕ್ಕೆ! ಅಪ್ಪನ ಕೈ. ದಿಮ್ಮಿಗೆ ಬಡಿದಿದ್ದ ಹಲಗೆಗಳ ಸಂದಿಗೆ ಉಗುರು ತೂರಿಸಿ ನೋಡಿದಳು, ತೂರಲಿಲ್ಲ. ಹಲಗೆಯೇ ಹೊರಗಿನಿಂದ ಒಳಕ್ಕೆ ಒಡೆದಿತ್ತು. ಆ ಸೀಳಿನಲ್ಲಿ ಸಿಕ್ಕಿಕೊಂಡಿದ್ದ ಬಂಡೆಯ ಕಪ್ಪು ಚೂರನ್ನು ಮೇಡಂ ಮೀಟಿ ತೆಗೆದು ಅವಳ ಕೈಗಿಟ್ಟರು.

ಒದ್ದೆ ಸೀರೆಯಲ್ಲೇ ಚಿಕ್ಕಪ್ಪನ ಮನೆಗೆ ಹೋಗಿ, ಮುದುಕನ ಅಂಗೈಯಲ್ಲಿ ಆ ಚೂರನ್ನಿಟ್ಟಳು. "ಸಂದು ಇನ್ನೂ ಬಿಟ್ಟಿಲ್ಲ, ಚಿಕ್ಕಪ್ಪ. ಇದು ಹಲಗೇಲಿ ಸಿಕ್ತು."

ಮುದುಕ ಚೂರನ್ನು ಹೆಬ್ಬೆರಳಿನಿಂದ ಸವರಿದ. "ತೂಕಡಿಸಿಬಿಟ್ಟೆ ಕಣೇ. ಬಂಡೆಗೆ ಹೊಡೀತು. ಹೆದರಿ ತಪ್ಪನ್ನ ಸಂದಿನ ಮೇಲೆ ಹಾಕಿದೆ. ಆಮೇಲೆ ಅಣ್ಣನ ಮುಖ ನೋಡೋಕೇ ಆಗ್ಲಿಲ್ಲ. ಕ್ಷಮಿಸಿಬಿಡು."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಮೂಲೆಯಲ್ಲಿದ್ದ ಊರುಗೋಲು ತಂದು ಅವನ ಕೈಗೆ ಕೊಟ್ಟಳು.

"ನನ್ನ ಹತ್ರ ಹೇಳಿದ್ರೆ ಏನು ಬಂತು? ಆ ಸುಳ್ಳು ಹುಟ್ಟಿದ್ದು ಬಂದರಿನ ಕಟ್ಟೆ ಮೇಲೆ. ಅಲ್ಲೇ ಸಾಯ್ಲಿ. ಏಳಿ."

"ಅಷ್ಟು ದೂರ ನಡೆಯೋಕಾಗಲ್ಲ ಕಣೇ."

"ನಡೆಯೋಕಾಗದಿದ್ರೆ ಹೊತ್ಕೊಂಡು ಹೋಗ್ತೀನಿ. ಅಪ್ಪನ ಅಪವಾದ ಹೊತ್ತಿಲ್ವಾ ಇಷ್ಟು ವರ್ಷ?"

ಮುದುಕ ಎದ್ದು ಚಪ್ಪಲಿ ಹುಡುಕತೊಡಗಿದ.