ಓದದೆ ಉಳಿದ ಸೂಚನೆ

ಗ್ರಂಥಾಲಯದ ಬಾಗಿಲು ಕಿರ್ರೆಂದರೆ ಸಾಕು, ಗ್ರಂಥಪಾಲಕಿಯ ಎದೆ ಧಸಕ್ಕೆನ್ನುತ್ತಿತ್ತು. ಬಂದವರು ಪತ್ರಿಕೆ ಓದುವ ಹಿರಿಯರೆಂದು ತಿಳಿದ ಮೇಲೆಯೇ ಅವಳು ಉಸಿರು ಬಿಡುತ್ತಿದ್ದಳು. ಒಂದು ವರ್ಷದಿಂದ ಹೀಗೆಯೇ.

ಮೊದಲು ಹೀಗಿರಲಿಲ್ಲ. ಹೊಸ ಸಂಗತಿ ಯಾವುದೂ ತನ್ನ ಕೈತಪ್ಪಬಾರದೆಂಬ ಹಟ ಅವಳಿಗೆ. ಕಂಡ ಕಂಡ ಜಾಲತಾಣಗಳಿಗೆಲ್ಲ ವಿಳಾಸ ಕೊಟ್ಟು, ಅಲ್ಲಿ ಏನು ಬದಲಾದರೂ ತನಗೆ ಇಮೇಲ್ ಬರುವಂತೆ ಮಾಡಿಕೊಂಡಿದ್ದಳು. ದಿನಕ್ಕೆ ನೂರು ಬರುತ್ತಿದ್ದವು. ಪುಸ್ತಕ ಕೊಟ್ಟು, ಪಡೆದು, ಕುರ್ಚಿಗಾಗಿ ಜಗಳವಾಡುವವರನ್ನು ಸಮಾಧಾನ ಮಾಡುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಓದಲು ಪುರುಸೊತ್ತೆಲ್ಲಿ?

"ಅಕ್ಕಾ, ಊರಿಗೆಲ್ಲ ಊಟಕ್ಕೆ ಹೇಳಿಬಿಟ್ಟಿದ್ದೀರಿ, ಬಡಿಸೋಕೆ ನೀವೊಬ್ಬರೇ," ಎಂದು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವ ಬೈಂಡರ್ ನಗುತ್ತಿದ್ದ.

"ನೀನು ಸೂಜಿ ನೋಡ್ಕೋ, ಬೆರಳು ಚುಚ್ಚೀತು," ಎಂದು ಅವಳೂ ನಗುತ್ತಿದ್ದಳು.

ಆ ದಿನಗಳಲ್ಲೇ ಒಬ್ಬ ತಾಯಿ ಕಿವಿ ಕೇಳದ ಮಗಳನ್ನು ಕರೆದುಕೊಂಡು ಬಂದಳು. ಕಿವುಡ ಮಕ್ಕಳ ಶಾಲೆಗೆ ಅರ್ಜಿ ಹಾಕಲು ಕಡೆಯ ದಿನ ಯಾವುದೆಂದು ವಿಚಾರಿಸಿದಳು. ಗ್ರಂಥಪಾಲಕಿ ಎಂದೋ ಮುದ್ರಿಸಿ ಕಡತದಲ್ಲಿಟ್ಟಿದ್ದ ಹಾಳೆ ನೋಡಿ, "ತಿಂಗಳ ಕೊನೆವರೆಗೂ ಟೈಮಿದೆ, ಗಾಬರಿ ಬೇಡಮ್ಮ," ಎಂದಳು. ಮಗು ಮೇಜಿನ ಮೇಲಿನ ಕರೆಗಂಟೆಯನ್ನು ಒತ್ತಿ, ಅದರ ನಡುಕವನ್ನು ಅಂಗೈಯಲ್ಲಿ ಹಿಡಿದು, ಸದ್ದಿಲ್ಲದೆ ನಕ್ಕಿತು.

ಹದಿನಾರನೆಯ ತಾರೀಖು, ಇಮೇಲ್‌ಗಳ ರಾಶಿಯನ್ನು ಅಳಿಸಲು ಕುಳಿತಾಗ ಆ ಶಾಲೆಯ ಸೂಚನೆಯೊಂದು ಕಣ್ಣಿಗೆ ಬಿತ್ತು. ಕಡೆಯ ದಿನವನ್ನು ಹದಿನೈದಕ್ಕೇ ತಂದಿದ್ದರು. ಸೂಚನೆ ಬಂದದ್ದು ಆ ತಾಯಿ ಬಂದ ದಿನದ ಬೆಳಿಗ್ಗೆಯೇ. ಆರು ತುಂಬಿದ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಮಗುವಿಗೆ ಇನ್ನೆರಡು ತಿಂಗಳಲ್ಲಿ ಆರು ತುಂಬುತ್ತದೆಂದು ತಾಯಿ ಹೇಳಿದ್ದಳು; ಮುಂದಿನ ವರ್ಷಕ್ಕೆ ಕಾಯುವಂತಿರಲಿಲ್ಲ. ತಾಯಿಯ ವಿಳಾಸವನ್ನು ಅವಳು ಕೇಳಿಟ್ಟುಕೊಂಡಿರಲಿಲ್ಲ.

ಅಂದಿನಿಂದ ಯಾರೂ ಮುಟ್ಟದಿದ್ದರೂ ಆ ಗಂಟೆ ನಡುಗಿದಂತಾಗುತ್ತಿತ್ತು. ಅದನ್ನು ಎತ್ತಿ ಬೀರುವಿನಲ್ಲಿಟ್ಟಳು, ಬೀರುವಿನೊಳಗಿನಿಂದಲೂ ಅದರ ಸದ್ದು ಕೇಳಿಸಿದಂತಾಯಿತು. ಮತ್ತೆ ತಂದು ಮೇಜಿನ ಮೇಲಿಟ್ಟಳು. ಹನ್ನೆರಡು ತಾಣಗಳನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಬಿಟ್ಟಳು; ಕೆಲವು ವಿಷಯಗಳನ್ನು ಪಕ್ಕದ ಊರಿನ ಗ್ರಂಥಪಾಲಕ ನೋಡಿ ತಿಳಿಸುತ್ತಿದ್ದ. ಬಾಗಿಲು ತೆರೆಯುವ ಮೊದಲು ಅರ್ಧ ಗಂಟೆ ಬರೀ ಓದು. ಕಡತದ ಪ್ರತಿ ಹಾಳೆಯ ಮೇಲೂ ತಾನು ಕಡೆಯ ಸಲ ಪರಿಶೀಲಿಸಿದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಆದರೂ ಬಾಗಿಲು ಕಿರ್ರೆಂದಾಗ ಎದೆ ಧಸಕ್ಕೆನ್ನುವುದು ತಪ್ಪಲಿಲ್ಲ.

ಒಂದು ಮಧ್ಯಾಹ್ನ ಅದೇ ತಾಯಿ ಬಂದಳು, ಮಗಳೂ ಜೊತೆಗಿದ್ದಳು.

"ಸ್ಕೂಲ್ ಸಿಗಲಿಲ್ಲ ಮೇಡಂ. ಅಲ್ಲಿಯವರು ಬೈದರು. ನಾನೇ ಬೇಗ ಹೋಗಬೇಕಿತ್ತು. ಕೈಸನ್ನೆ ಮನೇಲೇ ಕಲಿಸೋಕೆ ಪುಸ್ತಕ ಇದೆಯಾ?"

ಸುಮ್ಮನೆ ಪುಸ್ತಕ ಕೊಟ್ಟು ಕಳುಹಿಸಬಹುದಿತ್ತು. ಗ್ರಂಥಪಾಲಕಿ ಕೈಸನ್ನೆಯ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟಳು, ಆದರೆ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ತಪ್ಪು ನಿಮ್ಮದಲ್ಲಮ್ಮ, ನಂದು. ದಿನ ಬದಲಾಗಿದ್ದು ಅವತ್ತು ಬೆಳಿಗ್ಗೆನೇ ನನಗೆ ಬಂದಿತ್ತು. ನಾನು ಓದಿರಲಿಲ್ಲ."

ತಾಯಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು.

"ಈ ಪುಸ್ತಕದಲ್ಲಿರೋದಾದ್ರೂ ಇವತ್ತಿಗೆ ಸರಿ ಇದೆಯಾ?"

"ಕೂತ್ಕೊಳ್ಳಿ, ನೋಡಿ ಹೇಳ್ತೀನಿ," ಎಂದು ಗ್ರಂಥಪಾಲಕಿ ಗಣಕದ ಪರದೆಯನ್ನು ತಾಯಿಗೂ ಕಾಣುವಂತೆ ತಿರುಗಿಸಿದಳು.

ಮಗು ಗಂಟೆ ಒತ್ತಿತು. ಅದನ್ನು ಹಿಡಿದು ನಿಲ್ಲಿಸಲು ಚಾಚಿದ ಕೈಯನ್ನು ಗ್ರಂಥಪಾಲಕಿ ಹಿಂದಕ್ಕೆ ತೆಗೆದುಕೊಂಡಳು.