ಕಿತ್ತಳೆ ಅಂಗಿಯವಳ ಸಹಿ

ಹಿಮ ತೆಗೆಯುವ ಸಲಿಕೆ ಹುಡುಕಲು ಗ್ಯಾರೇಜಿಗೆ ಹೋದ ನಾನು ಅರ್ಧ ಗಂಟೆಯಾದರೂ ಒಳಗೆ ಬರಲಿಲ್ಲ. ಸಲಿಕೆಯ ಹಿಂದೆ ಮಗಳ ಹಾಕಿ ಸ್ಟಿಕ್ ನಿಂತಿತ್ತು. ಹೊರಗೆ ನಮ್ಮೂರು ನಾರ್ತ್‌ವಿಲ್ ಹಿಮ ಬಿದ್ದು ಬೆಳ್ಳಗಾಗುತ್ತಿತ್ತು. ನನ್ನ ಕಣ್ಣ ತುಂಬ ಮಾತ್ರ ಕಿತ್ತಳೆ ಬಣ್ಣ.

ಕಿತ್ತಳೆ ಎಂದರೆ ಡಚ್ ಹೆಣ್ಣುಮಕ್ಕಳ ಹಾಕಿ ತಂಡದ ಅಂಗಿ. ಆ ತಂಡದ ನಾಯಕಿ ಕೆಲವು ವರ್ಷ ನಮ್ಮ ಮನೆಯಲ್ಲೇ ಇದ್ದಳೆನ್ನಿ. ಮಗಳು ಸ್ಮಿತಾಳ ಗೋಡೆಯ ಮೇಲೆ ಅವಳು, ಫೋನಿನಲ್ಲಿ ಅವಳು, ಊಟಕ್ಕೆ ಕುಳಿತರೆ ಅವಳದೇ ಮಾತು. ಆರನೆಯ ವಯಸ್ಸಿಗೆ ಕೋಲು ಹಿಡಿದದ್ದು, ಮಂಡಿಗೆ ಪೆಟ್ಟಾಗಿ ಮೂಲೆ ಸೇರಿದ್ದು, ಮರಳಿ ಬಂದು ಒಲಿಂಪಿಕ್ಸ್ ಚಿನ್ನ ಗೆದ್ದದ್ದು, ಎಲ್ಲ ನನಗೆ ಬಾಯಿಪಾಠ. ಅವರೂರಲ್ಲಿ ಅವಳು ಸೈಕಲ್ ಹತ್ತಿದರೆ ಮಕ್ಕಳ ಹಿಂಡು ಹಿಂದೆಯೇ ಸೈಕಲ್ ತುಳಿಯುತ್ತದಂತೆ. ಅವಳ ಆಟದ ವಿಡಿಯೊವನ್ನು ಮಗಳು ನಿಧಾನಗತಿಯಲ್ಲಿ ಹಾಕಿದಾಗ, ಕೋಲನ್ನು ಬಿಟ್ಟು ಹೋಗಲು ಚೆಂಡಿಗೆ ಮನಸ್ಸೇ ಇಲ್ಲವೆನಿಸುತ್ತಿತ್ತು. ನೋಡನೋಡುತ್ತ ನಾನು ಬೆಟಗೇರಿಯ ಶಾಲೆಯ ಧೂಳಿನ ಮೈದಾನಕ್ಕೆ ಹೋಗಿಬಿಡುತ್ತಿದ್ದೆ. ನಾನೂ ಆಡಿದವಳೇ, ಮೆಡಿಕಲ್ ಸೀಟು ಸಿಕ್ಕ ಮೇಲೆ ಕೋಲು ಅಟ್ಟ ಸೇರಿತು. ಹೇಳಿದರೆ ಮಗಳು ನನ್ನ ಹೊಟ್ಟೆಯ ಸುತ್ತಳತೆ ನೋಡಿ, "ರಿಯಲಿ, ಅಮ್ಮಾ?" ಎಂದಿದ್ದಳು.

ಮಗಳು ಹೈಸ್ಕೂಲಿನಲ್ಲಿದ್ದಾಗ ಆ ನಾಯಕಿ ಕೆಲವು ತಾಸು ದೂರದ ಶಾಮ್‌ಬರ್ಗಿನ ಹಾಕಿ ಶಿಬಿರವೊಂದಕ್ಕೆ ಬಂದಳು. ಸ್ಮಿತಾ ಗೆಳತಿಯ ಮನೆಯವರೊಡನೆ ಹೋಗಿ ಬಂದಳು. ಮರುದಿನ ಆಯುಧ ಪೂಜೆ. ನಾನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಾಗ ಮಗಳು ಏನೋ ತರಲು ಅಂಗಡಿಗೆ ಹೋಗಿದ್ದಳು. ಕಾರಿಗೆ, ಲ್ಯಾಪ್‌ಟಾಪಿಗೆ, ನನ್ನ ಸ್ಟೆತೊಸ್ಕೋಪಿಗೆ ಕುಂಕುಮ ಹಚ್ಚಿದ ಮೇಲೆ ಸ್ಟಿಕ್ ಕಣ್ಣಿಗೆ ಬಿತ್ತು. ಅದರ ಮೈಮೇಲೆ ಕಪ್ಪು ಗೀಚು.

"ಎಷ್ಟ್ ಹೊಲಸ್ ಮಾಡ್ಕೊಂಡಾಳ ನೋಡ್ರಿ," ಎಂದು ಗಂಡನಿಗೆ ಹೇಳಿ, ಅಡುಗೆಕಟ್ಟೆ ಒರೆಸುವ ಸ್ಪ್ರೇ ಹೊಡೆದು ಥಳಥಳ ಒರೆಸಿದೆ. ಒದ್ದೆ ಹೆಬ್ಬೆರಳಿನಿಂದ ಅದೇ ಜಾಗದಲ್ಲಿ ಕುಂಕುಮ ಒತ್ತಿದೆ. ಪೂಜೆಗಿಡುವ ವಸ್ತು ಶುಚಿಯಾಗಿರಬೇಡವೇ, ನೀವೇ ಹೇಳಿ.

ಮಗಳು ಒಳಗೆ ಬಂದಳು. ಕೈಯಲ್ಲಿ ಪಾರದರ್ಶಕ ಟೇಪಿನ ಸುರುಳಿ. ಸಹಿ ಅಳಿಸದಂತೆ ಅಂಟಿಸಲು ತಂದದ್ದು.

"ಅಮ್ಮಾ, ದಟ್ ವಾಸ್ ಹರ್ ಆಟೋಗ್ರಾಫ್."

"ತಪ್ಪಾತವಾ. ಇನ್ನೊಮ್ಮೆ ಹಾಕಿಸ್ಕೊಂಡ್ ಬರೂಣು. ಈಗs ಡ್ರೈವ್ ಮಾಡ್ತೀನಿ."

"ಶಿ ಲೆಫ್ಟ್, ಅಮ್ಮಾ."

ಸ್ಟಿಕ್ ಎತ್ತಿಕೊಂಡು ಮಹಡಿ ಹತ್ತಿದಳು. ಬೈಯಲಿಲ್ಲ, ಅಳಲಿಲ್ಲ, ಆ ಮಾತು ಮತ್ತೆ ಎತ್ತಲೂ ಇಲ್ಲ. ಬೈದಿದ್ದರೆ ನಾನು ಅಂದೇ ಹಗುರಾಗುತ್ತಿದ್ದೆ. ಅವಳು ದೂರದ ಕಾಲೇಜಿಗೆ ಹೋದ ಮೇಲೂ, ಫೋನು ಬೇಗ ಇಟ್ಟಾಗಲೆಲ್ಲ ನನಗೆ ಆ ಸ್ಪ್ರೇ ಬಾಟಲಿಯೇ ನೆನಪಾಗುತ್ತಿತ್ತು. ಹೋದ ವಾರ ಆ ನಾಯಕಿ ಆಟದಿಂದ ನಿವೃತ್ತಳಾದಳು. ಸುದ್ದಿ ಕಳಿಸಿದವಳು ಸ್ಮಿತಾ.

ಈಗ ಸ್ಟಿಕ್ಕನ್ನು ಬೆಳಕಿಗೆ ಹಿಡಿದೆ. ಸಹಿ ಇದ್ದ ಜಾಗದಲ್ಲಿ ಟೇಪು ಅಂಟಿಸಿತ್ತು. ಅಂಚುಗಳು ಸವೆದಿದ್ದವು, ಎಷ್ಟೋ ಪಂದ್ಯ ಆಡಿದ ಗುರುತು. ಟೇಪಿನ ಅಡಿಯಲ್ಲಿ ನನ್ನ ಹೆಬ್ಬೆರಳಿನ ಕುಂಕುಮದ ಅಚ್ಚು, ಒಂದು ಗೆರೆಯೂ ಕದಡದೆ.

ಫೋನ್ ಮಾಡಿದೆ. "ನಿನ್ನ ಸ್ಟಿಕ್ಕಿನ ಟೇಪ್ ನೋಡಿದ್ನೆವಾ," ಎಂದೆ.

"ಅವಳ್ದು ಹೋಯ್ತಲ್ಲ, ಅಮ್ಮಾ," ಎಂದಳು. "ಸೋ ಐ ಕೆಪ್ಟ್ ಯುವರ್ಸ್."

ಸಲಿಕೆ ಅಲ್ಲೇ ಉಳಿಯಿತು. ಬಾಗಿಲಲ್ಲಿ ನಿಂತು, ಬೆಟಗೇರಿಯ ಮೈದಾನದ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಈ ಸಲ ಅವಳು ಫೋನು ಇಡಲಿಲ್ಲ.