ಕೊಚ್ಚಿ ನೋಡಿ ಬಂದ ಮುಡಿಪು

ಕೊಚ್ಚಿಯಲ್ಲಿ ನಾನು ಯಾವ ದೇವರನ್ನೂ ಏನನ್ನೂ ಕೇಳಲಿಲ್ಲ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಮೊನ್ನೆ ಮೊಮ್ಮಗಳ ಸಂಬಂಧ ಮಾತಾಡಲು ಬಂದವರೆದುರು ನನ್ನ ಮಗ, ತಲೆ ನೆರೆತ ಗಂಡಸು, "ನಾನು ದಕ್ಷಿಣದ ದೇವರ ವರ" ಎಂದು ನಗುತ್ತ ಹೇಳಿಕೊಂಡ. ಅವನು ಹುಟ್ಟುವುದಕ್ಕಿಂತ ಮೊದಲಿನ ಸಂಗತಿ ಅವನಿಗೇನು ಗೊತ್ತು? ಚಾಳದ ಹೆಂಗಸರ ಮಾತು ಕೇಳಿ ಬೆಳೆದ, ಅಷ್ಟೆ. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ನನ್ನ ಒತ್ತಕ್ಷರಗಳನ್ನು ಮೊಮ್ಮಗಳು ತಿದ್ದಲಿ. ಸಂಗತಿಯನ್ನು ತಿದ್ದಲು ಯಾರಿಗೂ ಬಿಡುವುದಿಲ್ಲ.

ಐವತ್ತರ ದಶಕದ ಮಾತು. ಆಗ ಮುಂಬಯಿಯ ಗೋರೆಗಾಂವ್ ಸ್ಟೇಷನ್ ದಾಟಿದರೆ ಎಮ್ಮೆಗಳ ತಬೇಲಾ, ಅದರ ಹಿಂದೆ ನಮ್ಮ ಚಾಳ, ಅದರಾಚೆ ಬರೀ ಹುಲ್ಲು. ಒಂದೇ ಖೋಲಿಯಲ್ಲಿ ನಾನು, ಗಂಡ, ಅತ್ತೆ. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ವಿಜಾಪುರದ ಕಡೆಯ ಮಂದಿ ನಾವು. ರೈಲ್ವೆಯವರಿಗೆ ವರ್ಷಕ್ಕೊಮ್ಮೆ ಕುಟುಂಬ ಸಮೇತ ತಿರುಗಾಡಲು ಪಾಸು ಕೊಡುತ್ತಿದ್ದರು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ನಮ್ಮ ಮನೆಯ ಪಾಸು ಮಾತ್ರ ಪ್ರತಿ ವರ್ಷ ನನ್ನ ಹೊಟ್ಟೆಯ ಸಲುವಾಗಿಯೇ ಖರ್ಚಾಗುತ್ತಿತ್ತು. ಮದುವೆಯಾಗಿ ವರ್ಷಗಳೇ ಕಳೆದಿದ್ದವು, ನನಗೆ ಮಕ್ಕಳಾಗಿರಲಿಲ್ಲ.

ಬೋರಿಬಂದರಿನಲ್ಲಿ ಗಾಡಿ ಹತ್ತುವುದು, ಹೋಟಗಿಯಲ್ಲಿ ಇಳಿಯುವುದು, ಅಲ್ಲಿಂದ ಸಣ್ಣ ಗಾಡಿ ಹಿಡಿದು ಊರು, ಊರಿನಿಂದ ಎತ್ತಿನ ಬಂಡಿಯಲ್ಲಿ ಆ ವರ್ಷ ಅತ್ತೆಗೆ ಯಾರು ಯಾವ ದೇವರನ್ನು ಹೇಳಿದ್ದಾರೋ ಆ ದೇವರು. ಒದ್ದೆ ಸೀರೆಯಲ್ಲಿ ಗುಡಿ ಸುತ್ತಿದ್ದೇನೆ. ಗುಡಿಯ ತನಕ ಅಡ್ಡಬಿದ್ದು ಅಡ್ಡಬಿದ್ದು ದೀಡ ನಮಸ್ಕಾರ ಹಾಕಿ ಮೊಣಕಾಲಿನ ಚರ್ಮ ಕಿತ್ತುಕೊಂಡಿದ್ದೇನೆ. ಒಂದು ಕಡೆ ಪೂಜಾರಿ ಬೇವಿನ ಬರಲಿನಿಂದ ಬೆನ್ನಿಗೆ ಹೊಡೆದ. ಗಂಡನಿಗೆ ಯಾವ ದೇವರೂ ಏನೂ ಹೇಳಲಿಲ್ಲ. ಅವನು ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿರುತ್ತಿದ್ದ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅವನು ಉಣ್ಣುತ್ತ ಕೇಳಿದ, "ಪಾಸು ಯಾ ಊರಿಗಿ ಬರಸ್ಲಿ?"

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಕೊಚ್ಚಿಗಿ."

"ಕೊಚ್ಚಿಯೊಳಗ ಯಾ ದೇವರೈತಿ?" ಅತ್ತೆ ಕೇಳಿದರು.

"ಗೊತ್ತಿಲ್ರಿ ಅತ್ತಿ. ಸಮುದ್ರ ಐತಂತ."

"ಇಲ್ಲೇನ ಸಮುದ್ರ ಬತ್ತಿ ಹೋಗೈತಿ? ಬಾಂದ್ರಾಕ್ಕ ಹೋಗಿ ನೋಡಿ ಬಾ. ಸಂಜಿಕ ಬಂದು ರೊಟ್ಟಿ ಬಡಿ."

"ಇಲ್ಲೀದು ನೋಡೀನ್ರಿ."

"ಅಲ್ಲಿ ನಮ್ಮಾವ್ರು ಯಾರ ಅದಾರ?"

"ಯಾರೂ ಇಲ್ಲ. ಅದಕ್ಕೇ ಹೊಂಟೀನಿ."

ಕೊಚ್ಚಿಯ ಹೆಸರು ಹೇಳಿದವಳು ಪಕ್ಕದ ಖೋಲಿಯ ಮಲಯಾಳಿ ಹೆಂಗಸು. ಅವಳ ಹಿಂದಿ, ನನ್ನ ಹಿಂದಿ, ಎರಡೂ ಕುಂಟು. ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಅವಳು ತನ್ನ ಊರಿನ ದಂಡೆಯ ಬಲೆಗಳ ಬಗ್ಗೆ ಹೇಳುತ್ತಿದ್ದಳು. "ಇತ್ನಾ ಬಡಾ, ಪೂರಾ ಘರ್ ಜೈಸಾ, ಪಾನೀ ಸೇ ಊಪರ್ ಆತಾ ಹೈ" ಎಂದು ಎರಡೂ ಕೈ ಚಾಚಿ ಮೇಲೆತ್ತಿ ತೋರಿಸುತ್ತಿದ್ದಳು. ಕೊಡ ತುಂಬಿ ಹರಿದರೂ ಇಬ್ಬರಿಗೂ ಎಚ್ಚರವಿರುತ್ತಿರಲಿಲ್ಲ. ಮನೆಯಷ್ಟು ದೊಡ್ಡ ಬಲೆ ನೀರಿನಿಂದ ಏಳುವುದನ್ನು ನೋಡಬೇಕು ಎನಿಸಿತು. ಬೇರೆ ಕಾರಣ ಇರಲಿಲ್ಲ.

ನಮ್ಮ ಮಂದಿಯಲ್ಲಿ ಹೆಂಗಸು ಊರು ಬಿಟ್ಟು ಹೊರಟರೆ ನಾಲ್ಕೇ ಕಾರಣ: ಮದುವೆ, ಸಾವು, ಬಾಣಂತನ, ಹರಕೆ. ಬರೀ ನೋಡಲು ಹೋಗುವವಳನ್ನು ಯಾರೂ ಕಂಡಿರಲಿಲ್ಲ. ಅತ್ತೆ ಎರಡು ದಿನ ಮಾತು ಬಿಟ್ಟರು. ಆಮೇಲೆ ತಾವೇ ರಾಜಿಗೆ ಬಂದರು.

"ಹರಕಿ ಅಂತ ಒಂದ ಮಾತು ಹೇಳ. ಹೇಳಿ ಎಲ್ಲಿಗಿ ಬೇಕಾದ್ರೂ ಹೋಗು. ಮಂದಿ ಬಾಯಾದ್ರೂ ಮುಚ್ಚತೈತಿ."

"ಇಲ್ಲದ ಹರಕಿ ಹೆಂಗ ಹೇಳ್ಲಿ?"

"ಬಂಜಿಗಿ ಇಷ್ಟು ಸೊಕ್ಕ ಇರಬಾರದವ್ವಾ."

"ಇರೂದು ಅದೊಂದ ನೋಡ್ರಿ ನನ್ನ ಕಡೆ. ಅದನ್ನೂ ಯಾಕ ಬಿಡ್ಲಿ?" ಎಂದೆ. "ಇನ್ನ ಮ್ಯಾಲ ನಾ ಯಾ ಗುಡಿ ಮೆಟ್ಟಲಾನೂ ಹತ್ತಂಗಿಲ್ಲ. ಕೊಚ್ಚಿ ಬ್ಯಾಡಂದ್ರ ಪಾಸು ಹಂಗೇ ಹಾಳಾಗ್ಲಿ."

ಗಂಡ ಒಮ್ಮೆ ತಾಯಿಯ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಮರುದಿನ ಕೊಚ್ಚಿಗೇ ಬರೆಸಿ ಬಂದ. ಅವನಿಗೂ ಕಟ್ಟೆಯ ಮೇಲೆ ಕೂತು ಸಾಕಾಗಿತ್ತೋ ಏನೋ.

ಅತ್ತೆ ಬರಲೊಲ್ಲೆ ಎಂದರು. ಆದರೆ ರೊಟ್ಟಿ ತಾವೇ ಬಡಿದರು. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಡಬ್ಬಿಯನ್ನು ತಾವೇ ತುಂಬಿ, ತಾವೇ ಮುಚ್ಚಳ ಒತ್ತಿ, ಮೇಲೆ ಅರಿವೆ ಕಟ್ಟಿ, "ತಳದ ರೊಟ್ಟಿ ಅಲ್ಲಿ ಹೋದ ಮ್ಯಾಲ ತಿನ್ರಿ" ಎಂದರು. ಸಿಟ್ಟು ಇಳಿದಿದೆ ಎಂದುಕೊಂಡೆ. ನಾವು ಸ್ಟೇಷನ್ ದಾರಿ ಹಿಡಿದ ಮೇಲೆ ಅವರು ಗ್ಯಾಲರಿಯಲ್ಲಿ ನಿಂತು ಇಡೀ ಚಾಳಕ್ಕೆ, ಮಗ ಸೊಸೆ ದಕ್ಷಿಣದ ದೇವರಿಗೆ ಹರಕೆಗೆ ಹೋದರು ಎಂದು ಸಾರಿದ್ದು ನನಗೆ ಗೊತ್ತಾದದ್ದು ತಿರುಗಿ ಬಂದ ಮೇಲೆ.

ಗಾಡಿ ಹೋಟಗಿಗೆ ಬಂದಾಗ ನನ್ನ ಕೈ ತಾನಾಗಿ ಬಟ್ಟೆಗಂಟಿನ ಮೇಲೆ ಹೋಯಿತು. ಪ್ರತಿ ವರ್ಷ ಇಳಿದು ರೂಢಿ. ಊರ ಕಡೆಯ ಸಣ್ಣ ಗಾಡಿ ಆಚೆ ನಿಂತಿತ್ತು. ಅದರೊಳಗೆ ಕೂತ ಒಬ್ಬ ಮುದುಕಿ ನಮ್ಮ ಕಡೆಯವಳ ಹಾಗೇ ಸೆರಗು ಹೊದ್ದಿದ್ದಳು. ನಮ್ಮ ಗಾಡಿ ಬಿಟ್ಟಿತು. ನಾನು ಇಳಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಹೋಟಗಿ ಹಿಂದಕ್ಕೆ ಸರಿಯುವುದನ್ನು ನೋಡಿದೆ. ಆಮೇಲೆ ಕಿಟಕಿಗೆ ತಲೆ ಆನಿಸಿ ಚೆನ್ನಾಗಿ ನಿದ್ದೆ ಮಾಡಿದೆ.

ಅರಕೋಣಂನಲ್ಲಿ ಗಾಡಿ ಬದಲಿಸಿ, ಮತ್ತೆ ಒಂದು ರಾತ್ರಿ ಕಳೆದು ಕೊಚ್ಚಿ ಮುಟ್ಟಿದೆವು. ಸ್ಟೇಷನ್ ಒಂದು ನಡುಗಡ್ಡೆಯಲ್ಲಿ. ಹಳೆಯ ಊರಿಗೆ ಬೋಟಿನಲ್ಲಿ ಹೋಗಬೇಕು. ಬೋಟಿನಲ್ಲಿ ಬಿಳಿ ಮುಂಡು ಉಟ್ಟ ಒಬ್ಬ ಹೆಂಗಸು ನನ್ನ ಪಕ್ಕ ಕೂತು, ಅಂಗೈಯನ್ನು ಮೊಣಕಾಲೆತ್ತರಕ್ಕೆ ಹಿಡಿದು ಹುಬ್ಬು ಹಾರಿಸಿದಳು. ಮಕ್ಕಳೆಷ್ಟು ಎಂದು. ಇಲ್ಲಿಗೂ ಬಂತೇ ಇದು ಎಂದುಕೊಂಡು ತಲೆ ಅಲ್ಲಾಡಿಸಿದೆ. ಅವಳು ಹೂಂ ಎಂದಳು, ಬುಟ್ಟಿಯಿಂದ ಒಂದು ಬಾಳೆಹಣ್ಣು ಮುರಿದು ಕೊಟ್ಟು ಆಚೆ ನೋಡತೊಡಗಿದಳು. ದೇವರ ಹೆಸರು ಹೇಳಲಿಲ್ಲ, ಕಷಾಯ ಹೇಳಲಿಲ್ಲ.

ಊರು ಹಳೆಯದು. ಯಾವ ಯಾವ ಕಾಲದಲ್ಲಿ ಯಾವ ಯಾವ ದೊರೆಗಳು ಹಡಗಿನಲ್ಲಿ ಬಂದು ಕಟ್ಟಿದ ಮನೆಗಳೋ, ಗೋಡೆ ಒಂದೊಂದೂ ಮೊಳ ದಪ್ಪ. ಪರದೇಶಿಗಳ ಚರ್ಚಿನಲ್ಲಿ ಗೋರಿಕಲ್ಲುಗಳನ್ನು ಗೋಡೆಗೆ ನಿಲ್ಲಿಸಿದ್ದರು. ಯಹೂದಿಗಳ ಪ್ರಾರ್ಥನೆಯ ಮನೆಯ ನೆಲಕ್ಕೆ ನೀಲಿ ಬಣ್ಣದಲ್ಲಿ ಚಿತ್ರ ಬರೆದ ಬಿಲ್ಲೆಗಳು. ಆ ಓಣಿ ತುಂಬ ಮೆಣಸು, ಒಣ ಶುಂಠಿಯ ವಾಸನೆ. ಗಂಡ ಸೀನಿ ಸೀನಿ ಸಾಕಾದ. ಎಲ್ಲವನ್ನೂ ನೋಡಿದೆ. ಎಲ್ಲಿಯೂ ಕೈ ಮುಗಿಯಲಿಲ್ಲ.

ಮಧ್ಯಾಹ್ನ ಗಂಡನಿಗೆ ಒಂದು ಉಡುಪಿ ಹೋಟೆಲು ಸಿಕ್ಕಿತು. ಗ್ರಾಂಟ್ ರೋಡಿನಲ್ಲಿ ಇರುವಂಥದೇ, ಅದೇ ಸಾಂಬಾರಿನ ವಾಸನೆ. ಅವನಿಗೆ ಅದೇ ಹೆಚ್ಚಿನ ಸಂತೋಷ. ಬಡಿಸುವವನು ಕುಂದಾಪುರದ ಕಡೆಯವನು.

"ಯಾವ ದೇವಸ್ಥಾನಕ್ಕೆ ಬಂದದ್ದು ನೀವು?" ಎಂದ.

"ಯಾವದಕ್ಕೂ ಇಲ್ಲ," ಎಂದೆ.

"ಮತ್ತೆ ಎಂಥ, ವ್ಯಾಪಾರವಾ?"

"ನೋಡಾಕ ಬಂದೀವಿ."

"ಇಲ್ಲಿ ನೋಡ್ಲಿಕ್ಕೆ ಎಂಥ ಉಂಟು ಮಾರಾಯ್ರೆ! ನಾನು ಇಷ್ಟು ವರ್ಷದಿಂದ ಇದ್ದೇನೆ, ನನಗೇ ಕಾಣ್ಲಿಲ್ಲ."

"ನೀವು ಇಡ್ಲಿ ಬಡಸ್ತೀರಿ. ಹೊರಗ ಯಾವಾಗ ಬರ್ತೀರಿ?" ಎಂದೆ. ಗಂಡನಿಗೆ ನಗು ಬಂದು ತುತ್ತು ನೆತ್ತಿಗೇರಿತು.

ಸಂಜೆ ದಂಡೆಗೆ ಹೋದೆವು. ಮಲಯಾಳಿ ಹೆಂಗಸು ಸುಳ್ಳು ಹೇಳಿರಲಿಲ್ಲ. ಉದ್ದನೆಯ ಕಂಬಗಳಿಗೆ ಕಟ್ಟಿದ ಬಲೆ, ನಮ್ಮ ಖೋಲಿಗಿಂತ ದೊಡ್ಡದು. ಹಗ್ಗಗಳಿಗೆ ಭಾರದ ಕಲ್ಲು ಜೋತುಬಿದ್ದಿದ್ದವು. ಗಂಡಸರು ಕೂಗು ಹಾಕುತ್ತ ಹಗ್ಗ ಜಗ್ಗಿದರೆ ಇಡೀ ಬಲೆ ನೀರು ಸುರಿಸುತ್ತ ಮೇಲಕ್ಕೆ ಏಳುತ್ತಿತ್ತು. ಒಳಗೆ ಒಮ್ಮೊಮ್ಮೆ ಹಿಡಿ ಮೀನು, ಬಹಳ ಸಲ ಏನೂ ಇಲ್ಲ. ಖಾಲಿ ಬಂದರೆ ಒಬ್ಬ ಏನೋ ಅನ್ನುತ್ತಿದ್ದ, ಉಳಿದವರು ನಗುತ್ತಿದ್ದರು, ಬಲೆ ಮತ್ತೆ ನೀರಿಗೆ ಇಳಿಯುತ್ತಿತ್ತು. ಯಾರೂ ಬಲೆಯನ್ನು ಬೈಯಲಿಲ್ಲ. ಕತ್ತಲಾಗುವ ತನಕ ನಾನು ಅಲ್ಲಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ಲಾಡ್ಜಿನಲ್ಲಿ ಡಬ್ಬಿ ಬಿಚ್ಚಿದೆ. ದಾರಿಯುದ್ದಕ್ಕೂ ತಿಂದು ತಳ ಕಾಣಲು ಬಂದಿತ್ತು. ನಮ್ಮೂರಲ್ಲಿ ತಿಂಗಳುಗಟ್ಟಲೆ ಹಪ್ಪಳದ ಹಾಗೆ ಮುರಿಯುವ ರೊಟ್ಟಿ ಆ ಊರಿನ ಹಸಿ ಗಾಳಿಗೆ ಚಪ್ಪಲಿಯ ತೊಗಲಿನಂತಾಗಿತ್ತು. ಕೊನೆಯ ರೊಟ್ಟಿ ಎತ್ತಿದರೆ ಅದರಡಿ ಹಳದಿ ಅರಿವೆಯ ಗಂಟು. ಅರಿಷಿಣ, ನಾಲ್ಕು ಅಕ್ಕಿಕಾಳು, ಒಂದು ನಾಣ್ಯ ಇಟ್ಟು ಬಿಗಿದ ಮುಡಿಪು. ದೇವರಿಗೆ ಮಾತು ಕೊಟ್ಟು ಕಟ್ಟುವ ಗಂಟು ಅದು. ಗುಡಿಯಲ್ಲಿ ಒಪ್ಪಿಸಿದರೆ ಬೇಡಿಕೆ ದೇವರಿಗೆ ಮುಟ್ಟಿತು. ಕಟ್ಟಿದ್ದು ಹಾಗೇ ಮನೆಗೆ ತಿರುಗಿ ಬಂದರೆ ಬೇಡಲೇ ಇಲ್ಲ ಎಂದು ಲೆಕ್ಕ.

ಗಂಡ ನೋಡಿದ. "ಅವ್ವನ ಕೆಲಸ."

"ಮತ್ತ್ಯಾರದು?"

"ಹೋಗ್ಲಿ ಬಿಡ. ಹಾದಿಯೊಳಗ ಒಂದ ಗುಡಿ ಐತಿ, ನಾನು ಹೋಗಿ ಹುಂಡಿಗಿ ಹಾಕಿ ಬರ್ತೀನಿ. ನಮ್ಮದೇನ ಹೋಗತೈತಿ?"

"ನಂದು ಹೋಗತೈತಿ."

"ಏನ?"

"ಈ ಊರು."

ಅವನು ನನ್ನನ್ನು ನೋಡಿದ. ನಾನು ಹೇಳಿದೆ, "ಇದನ್ನ ಹಾಕಿದ್ರಂದ್ರ ನಾವು ಇಲ್ಲಿಗಿ ಬೇಡಾಕ ಬಂದಂಗ. ಆ ಬಲೆ, ಆ ಬೋಟು, ಎಲ್ಲಾ ಹರಕಿ ಲೆಕ್ಕಕ್ಕ ಹೋಗತಾವ. ಊರ ಕಡೆ ಎಲ್ಲಾ ನಿಮ್ಮ ಅವ್ವ ಹೇಳಿದಂಗ ಮಾಡೀನಿ. ಇದೊಂದು ನಂದು. ಮುಟ್ಟಿದ್ರ ನೋಡ್ರಿ."

ಅವನು ಮುಟ್ಟಲಿಲ್ಲ. ಮೆತ್ತಗಾದ ರೊಟ್ಟಿಯನ್ನೇ ಜಗ್ಗಿ ಜಗ್ಗಿ ತಿಂದ.

ತಿರುಗಿ ಬರುವಾಗ ಆ ಮೆಣಸಿನ ಓಣಿಯಿಂದ ಒಂದು ಚೀಲ ಬಾಳೆಕಾಯಿ ಚಿಪ್ಸ್ ತಂದೆ. ಗೋರೆಗಾಂವ್‌ನಲ್ಲಿ ಇಳಿದು ಚಾಳದ ಮೆಟ್ಟಿಲು ಹತ್ತಿದರೆ ಗ್ಯಾಲರಿ ತುಂಬ ಹೆಂಗಸರು. ದೇವರಿಗೆ ಹೋಗಿ ಬಂದವರು ಖೋಲಿ ಖೋಲಿಗೂ ಪ್ರಸಾದ ಹಂಚುವುದು ನಮ್ಮ ಚಾಳದ ರೂಢಿ. ಮೂಲೆ ಖೋಲಿಯ ಮರಾಠಿ ಅಜ್ಜಿ ಆಗಲೇ ಸೆರಗು ಹೊದ್ದು, ಎಡಗೈ ಮೇಲೆ ಬಲಗೈ ಇಟ್ಟು ಚಾಚಿದ್ದಳು.

"ಪ್ರಸಾದ್ ದೇ ಗ, ಬಾಯಿ."

ಬಾಗಿಲಲ್ಲಿ ನಿಂತ ಅತ್ತೆ ನನ್ನ ಕಡೆ ನೋಡಲಿಲ್ಲ. ಒಂದು ಹಿಡಿ ಚಿಪ್ಸ್ ಸುಮ್ಮನೆ ಆ ಕೈಗೆ ಹಾಕಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಗಂಡ ಹಿಂದಿನಿಂದ ನನ್ನ ಮೊಣಕೈ ತಿವಿದ.

"ಪ್ರಸಾದ ನಹೀ, ಅಜ್ಜಿ," ಎಂದೆ. "ಬಾಳೆಕಾಯಿ ಹೈ. ತೇಲ್ ಮೇ ತಲಾ. ಖಾವೋ."

"ಆಣಿ ದೇವ?" ಮತ್ತೆ ದೇವರು ಎಂದು ಅಜ್ಜಿ ಕೇಳಿದಳು.

"ದೇವರ ಹತ್ತಿರ ನಹೀ ಗಯಾ."

ಅಜ್ಜಿ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಚೀಲದ ಕಡೆ ನೋಡಿ, ಬಲಗೈ ಒಂದನ್ನೇ ಮತ್ತೆ ಚಾಚಿದಳು. ಮಲಯಾಳಿ ಹೆಂಗಸು ತನ್ನ ಬಾಗಿಲಿಂದಲೇ, "ಜಾಲ್ ದೇಖಾ ಕ್ಯಾ?" ಎಂದು ಕೂಗಿದಳು. ನಾನು ಎರಡೂ ಕೈ ಚಾಚಿ ಮೇಲೆತ್ತಿ ತೋರಿಸಿದೆ.

ಒಳಗೆ ಹೋಗಿ ಮುಡಿಪನ್ನು ಅತ್ತೆಯ ಮುಂದೆ ಇಟ್ಟೆ. ಗಂಟು ಹಾಕಿದ್ದು ಹಾಗೇ ಇತ್ತು. ಅವರು ಅದನ್ನು ತಿರುಗಿಸಿ ನೋಡಿದರು, ಬಿಚ್ಚಿ ಕಟ್ಟಿದ್ದೇನೆಯೇ ಎಂದು ಪರೀಕ್ಷಿಸಿದರು.

"ಕೊಚ್ಚಿ ನೋಡಿ ಬಂತ್ರಿ," ಎಂದೆ.

"ಸುಡ್ಲಿ ನಿನ್ನ ಬಾಯಿ," ಎಂದು ಎತ್ತಿ ಗೋಡೆಯ ಗೂಡಿನಂಥ ದೇವರ ಮಾಡಿನಲ್ಲಿ ಇಟ್ಟರು. ನನ್ನ ಕೈಯಿಂದ ನೀರು ಕುಡಿಯಲು ಅವರಿಗೆ ಒಂದು ವಾರ ಹಿಡಿಯಿತು.

ಎರಡು ವರ್ಷದ ಮೇಲೆ ಮಗ ಹುಟ್ಟಿದ. ಯಾಕೆ ಆಗ, ಯಾಕೆ ಮೊದಲಲ್ಲ, ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರು ತೊಟ್ಟಿಲಿಗೆ ಹಾಕುವ ದಿನ ಖೋಲಿ ತುಂಬ ಬಂದಿದ್ದರು. ಬೆಳಗಾವಿ ಕಡೆಯ ಒಬ್ಬಳು ತೊಟ್ಟಿಲು ತೂಗುತ್ತ ಹೇಳಿದಳು, "ಮ್ಯಾಲ ಇಲ್ಲಂದ್ರೂ ಒಳಗ ಬೇಡ್ಕೊಂಡಿರತಾಳ ಬಿಡ್ರಿ. ದಕ್ಷಿಣದ ದೇವರು ಕಣ್ಣು ತೆರೆದ. ಇನ್ನ ಹೋಗಿ ಹರಕಿ ತೀರಿಸಬೇಕು, ಹೌದಲ್ರಿ ಅಜ್ಜಿ?"

ಕೇಳಿದ್ದು ನನ್ನ ಅತ್ತೆಯನ್ನು. ನಾನು ಬಾಣಂತಿ, ಮೂಲೆಯಲ್ಲಿ ಸೊಂಟ ಕಟ್ಟಿಕೊಂಡು ಕೂತಿದ್ದೆ. ಜಗಳಕ್ಕೆ ಉಸಿರು ಎಳೆದುಕೊಂಡೆ.

ಅತ್ತೆ ಮಾಡಿನ ಕಡೆ ನೋಡಿದರು. ಹಳದಿ ಗಂಟು ಅಲ್ಲೇ ಇತ್ತು. ಮುಡಿಪಿನ ವಿಷಯದಲ್ಲಿ ಸುಳ್ಳಾಡುವ ಹೆಂಗಸು ಅವರಲ್ಲ. ಚಾಳಕ್ಕೆ ಸುಳ್ಳು ಹೇಳಬಹುದು, ಆ ಗಂಟಿನ ಮುಂದೆ ಕೂತು ಹೇಳಲಾರರು.

"ಇಲ್ಲವ್ವಾ," ಎಂದರು. ಹಲ್ಲು ಕೀಳಿಸಿಕೊಂಡವರ ಮುಖ ಮಾಡಿಕೊಂಡು ಎಂದರು. "ಮುಡಿಪು ನಾನೇ ಕಟ್ಟಿದ್ದೆ. ಕಟ್ಟಿದ್ದು ಕಟ್ಟಿದಂಗ ತಿರುಗಿ ತಂದಾಳ. ಅಕಿ ಯಾರ್ನೂ ಬೇಡಿಲ್ಲ. ಬರೇ ನೋಡಾಕ ಹೋಗಿದ್ಲು."

ನನ್ನ ಮೇಲಿನ ಪ್ರೀತಿಗೆ ಹೇಳಿದ ಮಾತಲ್ಲ ಅದು. ಆದರೂ ಹೇಳಿದರು, ಎಲ್ಲರೆದುರು, ಅವರ ಬಾಯಿಂದಲೇ. ಬೆಳಗಾವಿಯವಳು ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು. ಮಗ ಎಚ್ಚರಾಗಿ ಒದರತೊಡಗಿದ.

ಚಾಳ ಆಮೇಲೂ ತನ್ನ ಮಾತು ಬಿಡಲಿಲ್ಲ. ನನ್ನ ಮಗನೂ ಈಗ ಅದನ್ನೇ ಹೇಳುತ್ತಾನೆ. ಹೇಳಿಕೊಳ್ಳಲಿ. ಮುಡಿಪು ಕಟ್ಟಿದವರೇ ಹೇಳಿದ್ದು ನಾನು ಕೇಳಿದ್ದೇನೆ.